ಹಕಾರದ ಹೊಣೆ

ಬೆಳಿಗ್ಗೆ ಎದ್ದಾಗಿನಿಂದ ಯೋಗಾನರಸಿಂಹನ ತಲೆಯೊಳಗೆ ಟಿಂಬಕ್ಟು ಬಂದು ಕೂತುಬಿಟ್ಟಿತ್ತು. ಅದು ಆಫ್ರಿಕದಲ್ಲಿದೆ ಎಂಬುದು ಗೊತ್ತು, ಮರಳುಗಾಡಿನ ಅಂಚಿನಲ್ಲಿದೆ ಎಂಬುದೂ ಗೊತ್ತು, ಅದರ ಹತ್ತಿರ ಹರಿಯುವ ನದಿಯ ಹೆಸರು ಮಾತ್ರ ನಾಲಗೆಯ ತುದಿಗೆ ಬಂದು ಅಲ್ಲೇ ಹಟ ಹಿಡಿದಿತ್ತು. ಹಲ್ಲುಜ್ಜುವಾಗ ಕಾಂಗೋ ಅಂದುಕೊಂಡ, ಮುಖ ಒರೆಸಿಕೊಳ್ಳುವಾಗ ಅಲ್ಲ ಅಂದುಕೊಂಡ, ನಾಮ ಇಟ್ಟುಕೊಳ್ಳಲು ಕನ್ನಡಿಯ ಮುಂದೆ ಕೂತಾಗ ಸಿಟ್ಟಿನಲ್ಲಿ ಕೈ ಜಾರಿ ಕೆಂಪು ಗೆರೆ ಎಡಹುಬ್ಬಿನ ಕಡೆ ವಾಲಿತು. ಅಡಿಗೆಮನೆಯಿಂದ ಹೆಂಡತಿ ಶ್ರೀರಂಗಮ್ಮ, "ಏನೂಂದ್ರೆ, ಬೆಂಕಿಪೊಟ್ಟಣ ಎಲ್ಲಿಟ್ರಿ?" ಎಂದು ಕೇಳಿದಳು. ನಿನ್ನೆ ಸಂಜೆ ದೀಪ ಹಚ್ಚಲು ತೆಗೆದುಕೊಂಡವನು ಇವನೇ. ಎಲ್ಲಿಟ್ಟೆ ಎಂದು ಯೋಚಿಸಹೋದರೆ ಮತ್ತೆ ಮರಳುಗಾಡು. ಆಗ ಇದ್ದಕ್ಕಿದ್ದ ಹಾಗೆ ಬಾಗಿಲು ತೆರೆದುಕೊಂಡಿತು. "ನೈಜರ್!" ಎಂದು ಕೂಗಿದ. ಶ್ರೀರಂಗಮ್ಮ ಅಡಿಗೆಮನೆಯ ಹೊಸಿಲಿಗೆ ಬಂದು, "ಅದೆಲ್ಲಿದೆ, ದೇವರ ಗೂಡಿನ ಮೇಲೋ ಕೆಳಗೋ?" ಎಂದಳು. ಅವಳು ನಿಜವಾಗಿ ಕೇಳಿದಳೋ ಕುಚೋದ್ಯಕ್ಕೆ ಕೇಳಿದಳೋ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ತಿಳಿಯದ ಸಂಗತಿಗಳಲ್ಲಿ ಒಂದು. ಸಾಮಾನ್ಯ ಜ್ಞಾನದ ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇರಲಿಲ್ಲ.

ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಯೋಗಾನರಸಿಂಹ ಎಂದರೆ ನಡೆದಾಡುವ ಪಂಚಾಂಗ. ಅಮಲ್ದಾರರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ, "ಐಸ್‌ಲೆಂಡಿಗೆ ರಾಜಧಾನಿ ಯಾವುದಯ್ಯ?" ಎಂದು ಕೇಳುವುದು, ಇವನು ಕಡತದಿಂದ ತಲೆ ಎತ್ತದೆ "ರೇಕ್ಯಾವಿಕ್" ಎನ್ನುವುದು, ಪಹಣಿಗೆ ಬಂದು ಕಂಬದ ಹತ್ತಿರ ನಿಂತ ರೈತರು ಅದನ್ನು ಬೈಗುಳವೋ ಮಂತ್ರವೋ ಎಂದು ಮುಖಮುಖ ನೋಡಿಕೊಳ್ಳುವುದು, ಇದು ವಾರಕ್ಕೊಮ್ಮೆಯಾದರೂ ನಡೆಯುವ ಸೇವೆ. ಆ ರೈತರ ಕೆಲಸ ಅಂದು ಆಗುತ್ತಿತ್ತು ಎಂದೇನೂ ಇಲ್ಲ. ಹೀಗಿರುವಾಗ, ಚೀನಾ ಗಲಾಟೆಗೆ ಹಿಂದಿನ ವರ್ಷ, ಹಾಸನಕ್ಕೆ ದೇವಯ್ಯ ಎಂಬ ಹೊಸ ಬ್ಲಾಕ್ ಡೆವಲಪ್‌ಮೆಂಟ್ ಆಫೀಸರು ಬಂದರು. ಕಟ್ಟಾಯದ ಕಡೆಯವರು, ತಂದೆ ಗೇಯ್ದು ಉಂಡವರು, ಇವರು ಓದಿ ಮೇಲೆ ಬಂದವರು. ದೆಹಲಿಗೆ ತರಬೇತಿಗೆ ಹೋಗಿದ್ದಾಗ ಅಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆ ನೋಡಿಕೊಂಡು ಬಂದಿದ್ದರಂತೆ. ಪೆಟ್ಟಿಗೆಯೊಳಗೆ ಒಬ್ಬ ಪ್ರಶ್ನೆ ಕೇಳುತ್ತಾನೆ, ನಾಲ್ಕು ಜನ ಉತ್ತರ ಹೇಳುತ್ತಾರೆ, ಹೊರಗೆ ಕೂತವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಹಾಸನಕ್ಕೆ ಆ ಪೆಟ್ಟಿಗೆ ಬರುವಷ್ಟರಲ್ಲಿ ತಮ್ಮ ಪೆನ್ಶನ್ ಆಗಿರುತ್ತದೆ ಎಂದು ಲೆಕ್ಕ ಹಾಕಿದ ದೇವಯ್ಯನವರು, ಪೆಟ್ಟಿಗೆ ಇಲ್ಲದಿದ್ದರೇನು, ಬಡಗಿ ಇದ್ದಾನಲ್ಲ ಎಂದು ತೀರ್ಮಾನಿಸಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನ ಸರ್ಕಾರಿ ನೌಕರರಿಗೆ ಸಾಮಾನ್ಯ ಜ್ಞಾನದ ಸ್ಪರ್ಧೆ, ಊರಿಗೆ ಇಬ್ಬರು. ಹೊಳೆನರಸೀಪುರಕ್ಕೆ ಯೋಗಾನರಸಿಂಹ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಎರಡನೆಯವನಾಗಿ ಅಮಲ್ದಾರರು ಚಲುವಯ್ಯನ ಹೆಸರು ಬರೆದರು. ಬರೆದು, "ನೋಡಯ್ಯ, ಕಾಲಕ್ಕೆ ತಕ್ಕ ಹಾಗೆ" ಎಂದು ಕಣ್ಣು ಮಿಟುಕಿಸಿದರು. ಯೋಗಾನರಸಿಂಹ ತಾನೂ ಕಾಲಕ್ಕೆ ತಕ್ಕವನೇ ಎಂಬ ಮುಖ ಮಾಡಿಕೊಂಡು ತಲೆಯಾಡಿಸಿದ.

ಚಲುವಯ್ಯ ಎರಡನೆ ದರ್ಜೆ ಗುಮಾಸ್ತ, ಮೆಟ್ರಿಕ್ ಮುಗಿಸಿದ್ದ, ಊರಾಚೆ ಹೊಳೆಯ ಕಡೆ ಅವರ ಕೇರಿ. ಅವನನ್ನು ತನ್ನ ಮನೆಯ ಜಗುಲಿಯ ಮೇಲೆ ಕೂರಿಸಿಕೊಂಡು ತಯಾರಿ ಮಾಡಿಸಲು ಯೋಗಾನರಸಿಂಹ ಒಪ್ಪಿದಾಗ ಬೀದಿಯಲ್ಲಿ ಎರಡು ಮನೆಯವರು ಕಿಟಕಿ ಮುಚ್ಚಿದರು, ಅದರಿಂದ ಅವನಿಗೆ ತಾನು ದೊಡ್ಡ ಸುಧಾರಕ ಎಂಬ ಖುಷಿಯೇ ಆಯಿತು. ಒಳಗಿನಿಂದ ಕಾಫಿ ಬರುವಾಗ ಇವನಿಗೆ ಹಿತ್ತಾಳೆ ಲೋಟ, ಚಲುವಯ್ಯನಿಗೆ ಗಾಜಿನ ಲೋಟ. ಮೊದಲ ದಿನ ಯೋಗಾನರಸಿಂಹನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಲುವಯ್ಯ ಲೋಟವನ್ನು ಬೆಳಕಿಗೆ ಹಿಡಿದು, "ಇದೇ ವಾಸಿ ಸಾ. ಕಾಪಿ ಎಷ್ಟದೆ ಅಂತ ಕಾಣ್ತದೆ. ನಿಮ್ ಇತ್ತಾಳೆ ಲೋಟದಾಗೆ ಎಷ್ಟು ಕೊಟ್ಟವ್ರೆ ಅಂತ ನಿಮ್ಗೇ ಗೊತ್ತಾಗಾಕಿಲ್ಲ" ಎಂದು ನಕ್ಕ. ಆ ನಗು ಕಂಡು ಯೋಗಾನರಸಿಂಹನ ಎದೆ ಹಗುರಾಯಿತು. ಎರಡನೆ ದಿನಕ್ಕೆ ಲೋಟದ ಯೋಚನೆಯೇ ಬರಲಿಲ್ಲ. ಮೂರನೆ ದಿನ ಯೋಚನೆ ಬರಲಿಲ್ಲವಲ್ಲ ಎಂಬ ಯೋಚನೆ ಬಂತು. ಅಷ್ಟರಲ್ಲಿ ಬೇರೊಂದು ಕಷ್ಟ ಎದುರಾಗಿತ್ತು. ಚಲುವಯ್ಯನ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹವಾಯಿ ದ್ವೀಪ ಅವಾಯಿ ದ್ವೀಪವಾಗುತ್ತಿತ್ತು, ಹಂಗೇರಿ ಅಂಗೇರಿಯಾಗುತ್ತಿತ್ತು. "ಹಾಗಲ್ಲ ಚಲುವಯ್ಯ, ಹೊಟ್ಟೆಯಿಂದ ಉಸಿರು ಬರಬೇಕು. ಹ. ಹ" ಎಂದು ಯೋಗಾನರಸಿಂಹ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದ. "ಅದು ಒಟ್ಟೆ ತುಂಬ್ದೋರ್ಗೆ ಬತ್ತದೆ ಸಾ" ಎನ್ನುತ್ತಿದ್ದ ಅವನು. ಒಂದು ದಿನ ಹಟಕ್ಕೆ ಬಿದ್ದವನ ಹಾಗೆ ಸಿಕ್ಕಸಿಕ್ಕಲ್ಲೆಲ್ಲ ಹಕಾರ ಸೇರಿಸತೊಡಗಿ, ಆಫ್ರಿಕದ ಹಾನೆಗೆ ಕಿವಿ ದೊಡ್ಡದು ಅಂದ. ಆನೆಗೆ ಹಕಾರ ಇಲ್ಲ ಎಂದರೆ, "ದೊಡ್ಡ ಪ್ರಾಣಿ ಸಾ, ಒಂದು ಎಚ್ಗೆ ಆಕಿದ್ರೂ ತಡ್ಕತದೆ" ಎಂದ. ಕೊನೆಗೆ ಯೋಗಾನರಸಿಂಹ ಒಂದು ಕಾನೂನು ಮಾಡಿದ: ಸಭೆಯಲ್ಲಿ ಗಂಟೆ ಬಾರಿಸುವುದು ಚಲುವಯ್ಯ, ಉತ್ತರ ಹೇಳುವುದು ತಾನು. ಚಲುವಯ್ಯ ಒಪ್ಪಿದ. ಸುಲಭವಾಗಿ ಒಪ್ಪಿದ, ಅದೇ ಈಗ, ಸ್ಪರ್ಧೆಗೆಂದು ಹೊರಟ ಬಸ್‌ಸ್ಟಾಂಡಿನ ದಾರಿಯಲ್ಲಿ, ಯೋಗಾನರಸಿಂಹನ ತಲೆ ಕೊರೆಯುತ್ತಿದ್ದುದು.

ಯಾಕೆಂದರೆ ಹೋದ ವಾರ ರೆಕಾರ್ಡ್ ರೂಮಿನಲ್ಲಿ ಒಂದು ಸಂಗತಿ ನಡೆದಿತ್ತು. ಮಧ್ಯಾಹ್ನದ ಬಿಡುವು, ಹಳೆಯ ಕಡತಗಳ ಧೂಳು, ನಾಲ್ಕೈದು ಜನ ಸ್ನೇಹಿತರು, ಎಲ್ಲ ತನ್ನವರೇ. ಹೊಸ ಬಿ.ಡಿ.ಓ. ಹೇಗೆ ಮಾತಾಡುತ್ತಾರೆ ತೋರಿಸು ಎಂದರು. ಯೋಗಾನರಸಿಂಹನಿಗೆ ಅಣಕ ಎಂದರೆ ಅವನ ಇನ್ನೊಂದು ಸಾಮಾನ್ಯ ಜ್ಞಾನ. ಕತ್ತು ಒಳಗೆಳೆದುಕೊಂಡು, ಹೊಟ್ಟೆ ಮುಂದೆ ಮಾಡಿ, "ಆಸನದ ಅಸುಗಳು ಅಸುರು ಉಲ್ಲು ಉಡುಕ್ಕೊಂಡು ಒಂಟವೆ" ಎಂದ. ಒಬ್ಬ ನಕ್ಕು ನಕ್ಕು ಕಡತದ ಕಟ್ಟಿನ ಮೇಲೆ ಬಿದ್ದ. ನಗು ಎಂಬುದು ಕೆಟ್ಟ ಚಟ, ಒಂದು ಸಲ ಸಿಕ್ಕರೆ ಇನ್ನೊಂದು ಬೇಕು. ಯೋಗಾನರಸಿಂಹ ಚಲುವಯ್ಯನನ್ನು ಮಾಡಿದ. ಅವನು ಒಂದು ಭುಜ ಎತ್ತಿಕೊಂಡು ನಡೆಯುವುದು, ಮಾತಿಗೆ ಮೊದಲು ಮೂಗು ಉಜ್ಜುವುದು, "ಓಯ್ತೀನಿ ಸಾ, ಒಟ್ಟೆ ಅಸೀತದೆ" ಎನ್ನುವುದು. ಅದು ಎಷ್ಟು ಚೆನ್ನಾಗಿ ಬಂತೆಂದರೆ ಒಂದು ಗಳಿಗೆ ತಾನೇ ಚಲುವಯ್ಯನಾದ ಹಾಗೆ ಅನಿಸಿತು. ಆಗಲೇ ಅರೆತೆರೆದ ಬಾಗಿಲಾಚೆ ಮೆಟ್ಟಿನ ಕಿರ್ ಸದ್ದು ಬಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಅದೇ ಸದ್ದು ವರಾಂಡದ ಕಡೆ ಹೋಯಿತು. ಅದು ಜವಾನ ಇರಬೇಕು ಎಂದು ಯಾರೋ ಅಂದರು. ಜವಾನ ಬರಿಗಾಲಲ್ಲಿ ಓಡಾಡುತ್ತಾನೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಾಮಾನ್ಯ ಜ್ಞಾನವೇ. ಅಂದು ಸಂಜೆ ಚಲುವಯ್ಯ ಎಂದಿನಂತೆ, "ನಾಳೆ ಎಷ್ಟೊತ್ಗೆ ಬರ್ಲಿ ಸಾ?" ಎಂದು ಕೇಳಿದ. ಮುಖದಲ್ಲಿ ಏನೂ ಇರಲಿಲ್ಲ. ಯೋಗಾನರಸಿಂಹನಿಗೆ ಟಿಂಬಕ್ಟು, ರೇಕ್ಯಾವಿಕ್ ಎಲ್ಲ ಗೊತ್ತು, ಆ ಮೆಟ್ಟು ಯಾರದು ಎಂಬುದೊಂದು ಗೊತ್ತಾದರೆ ಸಾಕಾಗಿತ್ತು. ಕೇಳುವ ಹಾಗಿಲ್ಲ. ಕೇಳಿದರೆ ಹೇಳಿಕೊಂಡ ಹಾಗೆ.

ಬಸ್ಸಿನಲ್ಲಿ ಶ್ರೀರಂಗಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಹಾಸನದಲ್ಲಿರುವ ತಂಗಿಯ ಮನೆಗೂ ಹೋಗಿ ಬಂದ ಹಾಗಾಯಿತು ಎಂಬ ನೆಪ, ಮಡಿಲಲ್ಲಿ ತಂಗಿಗೆಂದು ಕಟ್ಟಿದ ಅಕ್ಕಿಯ ಗಂಟು. ಹಿಂದೆ ಯೋಗಾನರಸಿಂಹ ಕಚ್ಚೆಪಂಚೆ, ಕರಿಕೋಟು. ಪಕ್ಕದಲ್ಲಿ ಚಲುವಯ್ಯ ಹೊಸ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಷರ್ಟು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು "ಆಸ್ನ, ಆಸ್ನ, ಆಸ್ನ" ಎಂದು ಕೂಗುತ್ತಿದ್ದ. ಯೋಗಾನರಸಿಂಹ ಪ್ರತಿ ಕೂಗಿಗೂ ಮನಸ್ಸಿನಲ್ಲೇ ಒಂದು ಹಕಾರ ಜೋಡಿಸುತ್ತಿದ್ದ, ಅದು ಅವನ ಚಿಕ್ಕಂದಿನ ಅಭ್ಯಾಸ. ಚಲುವಯ್ಯ ಕಿವಿಯ ಹತ್ತಿರ ಬಾಗಿ, "ಸಾ, ಅವನ್ಗೂ ಒಂದಿಷ್ಟು ಏಳ್ಕೊಡಿ" ಎಂದ. ಯೋಗಾನರಸಿಂಹ ಬೆಚ್ಚಿದ. ತನ್ನ ಮನಸ್ಸಿನ ಜೋಡಣೆ ಇವನಿಗೆ ಹೇಗೆ ಕೇಳಿಸಿತು? ಅಥವಾ ಇದು ಬರೀ ಮಾತೋ? ಚಲುವಯ್ಯನ ಕಣ್ಣಲ್ಲಿ ಹುಡುಕಿದ, ಅಲ್ಲಿ ಕಿಟಕಿಯಾಚೆ ಓಡುವ ಹುಣಿಸೆಮರಗಳಷ್ಟೇ ಕಂಡವು. ಆಮೇಲೆ ದಾರಿಯುದ್ದಕ್ಕೂ ಚಲುವಯ್ಯ ಮೂಗು ಉಜ್ಜಿದಾಗಲೆಲ್ಲ ಯೋಗಾನರಸಿಂಹ ಮುಖ ತಿರುಗಿಸಿಕೊಂಡ. ಅವನು ಉಜ್ಜುವುದು ತಾನು ಉಜ್ಜಿದ್ದಕ್ಕಿಂತ ಸ್ವಲ್ಪ ಸಪ್ಪೆಯಾಗಿದೆ ಎಂದೂ ಅನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹಾಸನದ ಹೈಸ್ಕೂಲೊಂದರ ದೊಡ್ಡ ಹಾಲಿನಲ್ಲಿ ಜನ ಜಮಾಯಿಸಿದ್ದರು. ವೇದಿಕೆಯ ಮೇಲೆ ದೇವಯ್ಯನವರ ಟೆಲಿವಿಷನ್ ನಿಂತಿತ್ತು. ಸರ್ವೆ ಮರದ ದೊಡ್ಡ ಚೌಕಟ್ಟು, ಅದಕ್ಕೆ ಕಪ್ಪು ಬಣ್ಣ, ಬಲಗಡೆ ತಟ್ಟೆಯಗಲದ ಎರಡು ಮರದ ತಿರುಪು. ಮುಂದೆ ಗಾಜು ಇರಬೇಕಾದ ಕಡೆ ಬಿಗಿಯಾಗಿ ಸೊಳ್ಳೆಪರದೆ ಎಳೆದು ಮೊಳೆ ಹೊಡೆದಿದ್ದರು. ದೆಹಲಿಯಲ್ಲಿ ತಾವು ಕಂಡ ಚಿತ್ರ ಹೀಗೇ ಮಸಕು ಮಸಕಾಗಿತ್ತು, ಆದ್ದರಿಂದ ಇದೇ ಸರಿ ಎಂದು ದೇವಯ್ಯನವರು ಎಲ್ಲರಿಗೂ ವಿವರಿಸುತ್ತಿದ್ದರು. ಪರದೆಯ ಹಿಂದೆ ನಾಲ್ಕು ಮೇಜು, ನಾಲ್ಕು ತರದ ಗಂಟೆ. ಹಾಸನದವರಿಗೆ ಆಫೀಸಿನ ಮೇಜುಗಂಟೆ. ಅರಕಲಗೂಡಿನವರಿಗೆ ಪೂಜೆಯ ಗಂಟೆ, ಆ ತಂಡದ ಈಶ್ವರಯ್ಯ ಮೇಷ್ಟರು ಸಂಗೀತಗಾರರ ಊರಾದ ರುದ್ರಪಟ್ಟಣದ ಕಡೆಯವರಾದ್ದರಿಂದ ಅದನ್ನು ತಾಳಕ್ಕೆ ಸರಿಯಾಗಿ ಬಾರಿಸುತ್ತಿದ್ದರು. ಚನ್ನರಾಯಪಟ್ಟಣಕ್ಕೆ ದನದ ಕೊರಳ ಗಂಟೆ, ಅಲ್ಲಿಂದ ಬಂದ ಪಾಲಾಕ್ಷ ಪಶುವೈದ್ಯ ಶಾಲೆಯ ಕಾಂಪೌಂಡರು ಎಂಬ ಗೌರವಕ್ಕೆ. ಹೊಳೆನರಸೀಪುರಕ್ಕೆ ಸೈಕಲ್ ಬೆಲ್ಲು. ದೇವಯ್ಯನವರು ತಿರುಪು ತಿರುಗಿಸಿದರು, ಯಾರೋ ದೀಪ ಹಾಕಿದರು, ಸಭೆ ಹೋ ಎಂದಿತು. ಪರದೆಯ ಒಳಗಿನಿಂದ ಯೋಗಾನರಸಿಂಹನಿಗೆ ಜನ ಕಾಣುತ್ತಿರಲಿಲ್ಲ, ಜನರ ಬಿಳಿ ಬಿಳಿ ಮಚ್ಚೆಗಳು ಕಾಣುತ್ತಿದ್ದವು. ಅವರು ತನ್ನನ್ನು ನೋಡುತ್ತಿದ್ದಾರೆ, ತಾನು ಅವರನ್ನು ನೋಡಲಾರೆ. ಪೆಟ್ಟಿಗೆಯೊಳಗೆ ಬಂದವರ ಗತಿ ಎಲ್ಲ ಕಡೆಯೂ ಹೀಗೇ ಇರಬೇಕು ಎಂದುಕೊಂಡ. ಪಕ್ಕದಲ್ಲಿ ಚಲುವಯ್ಯನ ಮೆಟ್ಟು ಮೇಜಿನಡಿ ಕಿರ್ ಎಂದಿತು. ಅದೇ ಸದ್ದೋ? ಅಥವಾ ಎಲ್ಲ ಹೊಸ ಮೆಟ್ಟಿನ ಸದ್ದೂ ಒಂದೇ ತರವೋ?

ಸ್ಪರ್ಧೆ ಶುರುವಾಯಿತು. ದೇವಯ್ಯನವರು ಮೈಕಿನ ಮುಂದೆ ನಿಂತು, ಮನೆಯ ಪಡಸಾಲೆಯಲ್ಲಿ ನಿಂತವರ ಹಾಗೆ ಸಲೀಸಾಗಿ ಕೇಳಿದರು: "ಆಲಿನಾಗಿರೋ ಸಕ್ಕರೆಗೆ ಏನು ಎಸರು?" ಯೋಗಾನರಸಿಂಹನೊಳಗಿನ ಯಂತ್ರ ತನ್ನಷ್ಟಕ್ಕೆ ಓಡಿತು, ಆಲಿಗೆ ಹಕಾರ ಕೊಟ್ಟು ಹಾಲು ಮಾಡಿತು, ಎಸರಿಗೆ ಕೊಟ್ಟು ಹೆಸರು ಮಾಡಿತು. ಮೊಣಕೈ ತಿವಿದ, ಚಲುವಯ್ಯ ಬೆಲ್ಲು ಹೊಡೆದ. "ಲ್ಯಾಕ್ಟೋಸ್." ಚಪ್ಪಾಳೆ. "ಅಳದಿ ಸಮುದ್ರ ಎಲ್ಲದೆ?" ಹಳದಿ. "ಚೀನಕ್ಕೂ ಕೊರಿಯಕ್ಕೂ ನಡುವೆ." ಚಪ್ಪಾಳೆ. "ಪ್ರಪಂಚದಲ್ಲೇ ದೊಡ್ಡ ಅವಳದ ದಿಬ್ಬ ಎಲ್ಲದೆ?" ಎಂದಾಗ ಹಿಂದಿನಿಂದ ಒಬ್ಬ, "ಯಾವಳ್ದು ಸಾಮೀ?" ಎಂದು ಕೂಗಿದ, ಹಾಲೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ದೇವಯ್ಯನವರೇ ನಕ್ಕರು. ಯೋಗಾನರಸಿಂಹ ನಗದೆ, "ಹವಳದ ದಿಬ್ಬ ಆಸ್ಟ್ರೇಲಿಯದ ಪಕ್ಕದಲ್ಲಿದೆ" ಎಂದು ಹಕಾರವನ್ನು ಒತ್ತಿ ಹೇಳಿದ. ಅಂತರರಾಷ್ಟ್ರೀಯ ನ್ಯಾಯಾಲಯ ಎಲ್ಲಿದೆ ಎಂಬ ಪ್ರಶ್ನೆಗೆ "ಹೇಗ್" ಎಂದು ಇನ್ನೂ ಒತ್ತಿ ಹೇಳಿದ. ಅದೇ ದನಿ, "ಎಂಗಾರಾ ಆಗ್ಲಿ ಸಾಮಿ, ಮುಂದುಕ್ಕೋಗಿ" ಎಂದಿತು. ಈ ಸಲ ಚಲುವಯ್ಯ ಕೂಡ ಮೇಜಿನ ಮೇಲೆ ತಲೆ ಇಟ್ಟು ನಕ್ಕ. ನಗಲಿ, ನಗಲಿ ಎಂದುಕೊಂಡ ಯೋಗಾನರಸಿಂಹ. ಬಿದ್ದ ಹಕಾರವನ್ನು ಒಂದೊಂದಾಗಿ ಎತ್ತಿ ಅದರದರ ಜಾಗದಲ್ಲಿ ಇಡುವ ಸುಖ ಇವರಿಗೇನು ಗೊತ್ತು. ಇಷ್ಟು ದೊಡ್ಡ ಹುದ್ದೆ, ದೆಹಲಿ ಕಂಡು ಬಂದ ಮನುಷ್ಯ, ಒಂದು ಉಸಿರು ಸಾಲದೆ ಹೋಯಿತಲ್ಲ ಇವರಿಗೆ. ಆ ಯೋಚನೆ ಬೆಲ್ಲದ ಚೂರಿನ ಹಾಗೆ ನಾಲಗೆಯಡಿ ಕರಗುತ್ತಿತ್ತು. ಹೊಳೆನರಸೀಪುರ ಎಲ್ಲರಿಗಿಂತ ಮುಂದಿತ್ತು. ಚನ್ನರಾಯಪಟ್ಟಣದ ಪಾಲಾಕ್ಷ ಮಾತ್ರ ದನದ ಗಂಟೆ ಬಾರಿಸುತ್ತ ಬಾರಿಸುತ್ತ ಬೆನ್ನಿಗೆ ಬಂದು, ಕೊನೆಯ ಪ್ರಶ್ನೆಯ ಹೊತ್ತಿಗೆ ಸಮಸಮ ನಿಂತ.

ದೇವಯ್ಯನವರು ಸಭೆಯ ಕಡೆ ತಿರುಗಿ, "ಕಡೇ ಪ್ರಶ್ನೆ. ಇದು ನಮ್ಮ ಸೀಮೇದು" ಎಂದರು. ಒಂದಿಷ್ಟು ಕಾಯಿಸಿದರು. "ಮೈಸೂರು ಅರಸರ ಅರಮನೆಗೆ ಮೀಸಲು ಅಂತ ಎಸರಾಗಿದ್ದ ಅಕ್ಕಿ ಯಾವುದು?"

ಅಕ್ಕಿ ಎಂಬುದು ಕಿವಿಗೆ ಬೀಳುವುದಕ್ಕೂ ಯಂತ್ರ ಅದನ್ನು ಎತ್ತಿಕೊಂಡು ತಲೆಯ ಮೇಲೆ ಹಕಾರ ಇಡುವುದಕ್ಕೂ ನಡುವೆ ಜಾಗವೇ ಇರಲಿಲ್ಲ. ಹಕ್ಕಿ. ಅರಮನೆಯ ಹಕ್ಕಿ. ಚಲುವಯ್ಯ ಅಷ್ಟರಲ್ಲಿ ಬೆಲ್ಲು ಹೊಡೆದು, ಕಾನೂನು ಮರೆತು, ತಾನೇ ಬಾಯಿ ತೆರೆದಿದ್ದ. ಯೋಗಾನರಸಿಂಹ ಅವನ ಕೈ ಅದುಮಿ ಎದ್ದು ನಿಂತ. ಇಂಥ ಗಳಿಗೆ ಕೂತು ಹೇಳುವಂಥದಲ್ಲ. "ಗಂಡಭೇರುಂಡ" ಎಂದ. ಎಂದು ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. "ಎರಡು ತಲೆ, ಒಂದು ದೇಹ. ಆನೆಯನ್ನೇ ಎತ್ತಿಕೊಂಡು ಹೋಗುವಷ್ಟು ಬಲಶಾಲಿ ಎಂದು ಪ್ರತೀತಿ. ಅರಮನೆಯ ಗೋಡೆಯ ಮೇಲೆ, ಬಾಗಿಲ ಮೇಲೆ, ಬಟ್ಟೆಯ ಮೇಲೆ, ಎಲ್ಲೆಲ್ಲೂ ಕಾಣಬಹುದು" ಎಂದು ವಿಸ್ತರಿಸಿದ. ಚಪ್ಪಾಳೆಗೆ ಕಾದ. ಪರದೆಯಾಚೆ ಬಿಳಿ ಮಚ್ಚೆಗಳು ಅಲುಗದೆ ನಿಂತಿದ್ದವು. ಆಮೇಲೆ ಆ ಹಿಂದಿನ ದನಿ ಬಹಳ ವಿನಯದಿಂದ, "ಸಾಮೀ, ಅದ್ರಲ್ಲಿ ಅನ್ನ ಉದ್ರುದ್ರಾಗಿ ಆಯ್ತದಾ?" ಎಂದು ಕೇಳಿತು.

ನಗು ಹೇಗೆ ಬಂತೆಂದರೆ ಸೊಳ್ಳೆಪರದೆ ಅದುರಿತು. ಪಾಲಾಕ್ಷ ನಗುತ್ತಲೇ ದನದ ಗಂಟೆ ಅಲ್ಲಾಡಿಸಿ, "ರಾಜಮುಡಿ ಸಾರ್, ರಾಜಮುಡಿ ಅಕ್ಕಿ" ಎಂದ. ರಾಜಮುಡಿ! ಹೊಳೆನರಸೀಪುರದ ಗದ್ದೆಗಳಲ್ಲಿ ಬೆಳೆಯುವುದು, ಇವನ ಮನೆಯ ಕಣಜದಲ್ಲಿರುವುದು, ಇವತ್ತು ಬೆಳಿಗ್ಗೆ ಸಾರಿನ ಜೊತೆ ಉಂಡು ಬಂದದ್ದು, ಶ್ರೀರಂಗಮ್ಮನ ಮಡಿಲ ಗಂಟಿನಲ್ಲಿ ಹಾಸನದವರೆಗೂ ಬಸ್ಸಿನಲ್ಲಿ ಜೊತೆಗೇ ಬಂದದ್ದು. ಹೆಂಗಸರ ಕಡೆಯ ನಗುವಿನಲ್ಲಿ ಒಂದು ಗುರುತಿನ ನಗು ಕೇಳಿಸಿತು, ಸೆರಗು ಬಾಯಿಗೆ ಒತ್ತಿಕೊಂಡರೂ ಪಕ್ಕದಿಂದ ನುಸುಳುವ ನಗು. ಈ ನಗು ನಿಜವೋ ಕುಚೋದ್ಯವೋ ಎಂಬ ಸಂದೇಹ ಮಾತ್ರ ಇವತ್ತು ಬರಲಿಲ್ಲ. ಯೋಗಾನರಸಿಂಹನಿಗೆ ನಾಳೆ ಕಚೇರಿಯಲ್ಲಿ, ಬೀದಿಯಲ್ಲಿ, ನಾಪಿತನ ಅಂಗಡಿಯಲ್ಲಿ ಗಂಡಭೇರುಂಡದ ಅನ್ನ ಉಂಡವನು ಎಂದು ಕರೆಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಮುಖ್ಯವಾಗಿ ಇದರಲ್ಲಿ ತನ್ನ ತಪ್ಪಿಲ್ಲ! ಮೊದಲ ಪ್ರಶ್ನೆಯಿಂದ ಆ ಮನುಷ್ಯ ಹಾಲನ್ನು ಆಲು ಅಂದಿದ್ದಾರೆ, ಹವಳವನ್ನು ಅವಳ ಅಂದಿದ್ದಾರೆ, ಈಗ ಇದ್ದಕ್ಕಿದ್ದಂತೆ ಅಕ್ಕಿಯನ್ನು ಅಕ್ಕಿ ಎಂದರೆ ತಿಳಿಯುವುದು ಹೇಗೆ? ನ್ಯಾಯ ಬೇಡವೆ?

"ನನ್ನದೊಂದು ತಕರಾರಿದೆ" ಎಂದ. ಚಲುವಯ್ಯ ಕೋಟಿನ ತುದಿ ಹಿಡಿದು, "ಬ್ಯಾಡಿ ಸಾ, ಕೂತ್ಕಳಿ. ಸೋತ್ರೆ ಏನೀಗ, ಎರಡನೇ ಜಾಗ ಐತಲ್ಲ" ಎಂದು ಪಿಸುಗುಟ್ಟಿದ. ಯೋಗಾನರಸಿಂಹ ಕೋಟು ಬಿಡಿಸಿಕೊಂಡ. ಪರದೆಯ ಪಕ್ಕದ ಸಂದಿಯಿಂದ ಪೆಟ್ಟಿಗೆಯ ಹೊರಗೆ ಬಂದ. ಆಗ ಮಚ್ಚೆಗಳೆಲ್ಲ ಮುಖಗಳಾದವು, ಇಷ್ಟೊಂದು ಮುಖಗಳಿದ್ದಾವು ಎಂದು ಅವನು ಎಣಿಸಿರಲಿಲ್ಲ. ತಿರುಗಿ ಒಳಹೋಗುವ ಹಾಗಿರಲಿಲ್ಲ. "ತಾವು ಕೇಳಿದ್ದು ಅಕ್ಕಿಯೋ ಹಕ್ಕಿಯೋ ಎಂಬುದು ತಮ್ಮ ಉಚ್ಚಾರಣೆಯಿಂದ ತಿಳಿಯುವಂತಿರಲಿಲ್ಲ. ತಾವು ಈವತ್ತು ಒಂದು ಹಕಾರವನ್ನೂ ಆಡಿಲ್ಲ. ಅದಕ್ಕೆ ನಾನು ಹಾರುವ ಹಕ್ಕಿ ಎಂದು ತಿಳಿದೆ" ಎಂದ. "ಆರುವ್ರು ಇಂಗೇ ತಿಳ್ಕಳದು!" ಎಂದು ಹಿಂದಿನ ದನಿ ಕೂಗಿತು. ಈ ಸಲ ನಕ್ಕವರು ಕಡಿಮೆ. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದ ಮುದುಕರೊಬ್ಬರು ತಲೆ ತಗ್ಗಿಸಿದರು. ಹೇಳಿದ್ದು ಅಕ್ಷರಶಃ ನಿಜ, ಆದರೂ ಯಾಕೋ ಬೆತ್ತಲೆ ನಿಂತ ಹಾಗೆ ಅನಿಸತೊಡಗಿತು ಯೋಗಾನರಸಿಂಹನಿಗೆ.

ದೇವಯ್ಯನವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೈಕನ್ನು ಹತ್ತಿರ ಎಳೆದುಕೊಂಡು, "ಹೌದು" ಎಂದರು. ಆ ಹಕಾರ ಹಾಲಿನ ಹಿಂಗೋಡೆಗೆ ಹೋಗಿ ತಗುಲಿತು. "ಹಕಾರದ ಹೊಣೆ ಹೇಳುವವನದು, ಕೇಳಿಸಿಕೊಳ್ಳುವವನದಲ್ಲ. ಹಕ್ಕಿ ಎಂದು ಹಿಡಿದರೆ ಗಂಡಭೇರುಂಡವೂ ಹೊಂದುವ ಉತ್ತರವೇ. ಹೊಳೆನರಸೀಪುರದವರಿಗೂ ಹತ್ತು ಅಂಕ. ಹಾಗಾದರೆ ಇಬ್ಬರೂ ಸಮ. ಹಿರಿಯ ನೌಕರರೆಂಬ ಹೆಗ್ಗಳಿಕೆಗೆ ಮೊದಲ ಹಾರ ಇವರಿಗೇ ಹಾಕಿಸೋಣ." ಒಂದೂ ತಪ್ಪಲಿಲ್ಲ. ಒಂದೊಂದು ಹಕಾರವೂ ಹೊಟ್ಟೆಯಿಂದ ಬಂತು, ಯೋಗಾನರಸಿಂಹ ಜಗುಲಿಯ ಮೇಲೆ ಹೊಟ್ಟೆ ಮುಟ್ಟಿ ತೋರಿಸಿದ್ದಕ್ಕಿಂತ ಆಳದಿಂದ. ಆಮೇಲೆ ದೇವಯ್ಯನವರು ಜನರ ಕಡೆ ತಿರುಗಿ, ಮತ್ತೆ ಮನೆಯ ದನಿಯಲ್ಲಿ, "ಎಲ್ಲಾ ನಮ್ಮೋರೇ ಕೂತವ್ರಲ್ಲ ಅಂತ ಅವ್ವನ ಕೂಡೆ ಮಾತಾಡೋ ಅಂಗೆ ಮಾತಾಡ್ಬುಟ್ಟೆ. ತಪ್ಪು ನಂದೇಯ" ಎಂದರು.

ಹಾರ ಬಂತು. ಸುಗಂಧರಾಜದ ದಪ್ಪ ಹಾರ, ನೀರು ಚಿಮುಕಿಸಿ ಇಟ್ಟದ್ದು, ಕೊರಳಿಗೆ ಬಿದ್ದೊಡನೆ ಕೋಟಿನೊಳಕ್ಕೆ ತಣ್ಣಗೆ ಇಳಿಯಿತು. ಚಲುವಯ್ಯನಿಗೂ ಒಂದು ಹಾಕಿದರು, ಅವನು ಅದನ್ನು ತಕ್ಷಣ ತೆಗೆದು ಕೈಗೆ ಸುತ್ತಿಕೊಂಡ. ಗೆದ್ದವರು ಎರಡು ಮಾತಾಡಬೇಕಂತೆ. ಯೋಗಾನರಸಿಂಹ ಮೈಕಿನ ಮುಂದೆ ನಿಂತ. ಅವನಿಗೆ ನಿಜವಾಗಿ ತಪ್ಪಾಯಿತು ಎಂದು ಹೇಳಬೇಕಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಯಾವ ಹೆಚ್ಚುಗಾರಿಕೆಯೂ ಇಲ್ಲದೆ ಒಂದು ಮಾತು ಆಡುವ ಆಸೆ ಹೊಟ್ಟೆಯಿಂದ ಎದ್ದು ಬರುತ್ತಿತ್ತು. ಹಿರಿಯರೆ, ಹಾಸನದ ಮಹಾಜನಗಳೆ, ನಾನು ಹೊಳೆನರಸೀಪುರದವನು, ಹೇಳಬಾರದ್ದನ್ನು ಹೇಳಿದೆ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡ. ಬಾಯಿ ತೆರೆದ. ಉಸಿರು ಎಲ್ಲೋ ಪಕ್ಕೆಯಲ್ಲಿ ಸಿಕ್ಕಿಕೊಂಡಿತ್ತು.

"ಇರಿಯರೆ" ಎಂಬ ಸದ್ದು ಮೈಕಿನಿಂದ ಹೊರಟಿತು.

ತನ್ನದೇ ದನಿ ಎಂದು ತಿಳಿಯಲು ಅವನಿಗೆ ಕೊಂಚ ಹೊತ್ತು ಬೇಕಾಯಿತು. ಸರಿಪಡಿಸಿಕೊಳ್ಳಲು ಹೋದ. "ಆಸನದ ಮಾಜನಗಳೆ, ನಾನು ಒಳೆ, ಒಳೆನರಸೀಪುರದವನು..." ಉಸಿರನ್ನು ತಳ್ಳಿದಷ್ಟೂ ಅದು ಒಳಗೇ ಕೂತಿತು. ಒಂದು ಹಕಾರ, ಒಂದೇ ಒಂದು, ಸಾಲವಾಗಿಯಾದರೂ ಸಿಕ್ಕರೆ ಸಾಕು ಎಂದು ಹಂಬಲಿಸಿದ. "ಏಳಬಾರದ್ದ ಏಳಿದೆ" ಎಂದು ಮುಗಿಸಿದ. ಕಂಬಳಿ ಹೊದ್ದ ಮುದುಕರು ಎದ್ದು ನಿಂತು ಹೊರಡುವ ದಾರಿ ನೋಡಿದರು. ಹಿಂದಿನ ದನಿಯಲ್ಲಿ ಈಗ ವಿನೋದ ಇರಲಿಲ್ಲ. "ನೋಡ್ಲಾ, ಗೆದ್ದಮ್ಯಾಕೂ ಅಣಕಿಸ್ತಾವ್ನೆ" ಎಂದಿತು. ದೇವಯ್ಯನವರ ಮುಖದಲ್ಲಿ ಇಷ್ಟು ಹೊತ್ತು ಇದ್ದ ಸಲಿಗೆ ಆರಿಹೋಯಿತು. ಅಲ್ಲ, ಅಲ್ಲ ಎಂದು ಯೋಗಾನರಸಿಂಹ ಕೈ ಆಡಿಸಿದ. ಅಣಕಿಸುತ್ತಾನೆಂದು ಒಮ್ಮೆ ಅನಿಸಿದ ಮೇಲೆ ಅವನ ಕೈಯಾಟವೂ ಅಣಕವಾಗಿಯೇ ಕಂಡಿರಬೇಕು, ಎರಡು ಸಾಲಿನ ಜನ ಏಳತೊಡಗಿದರು. ಇದು ನಿಜ ಎಂದು ಯಾರು ಹೇಳಬೇಕು? ಇಡೀ ಹಾಲಿನಲ್ಲಿ ಯಾರು ಸಾಕ್ಷಿ? ಅವನು ತಿರುಗಿ ಚಲುವಯ್ಯನ ಕಡೆ ನೋಡಿದ, ಬೇಡುವ ಹಾಗೆ ನೋಡಿದ.

ಚಲುವಯ್ಯ ಒಂದು ಭುಜ ಎತ್ತಿಕೊಂಡು ಮೈಕಿನ ಹತ್ತಿರ ಬಂದ. ಮೂಗು ಉಜ್ಜಿದ. "ಕೂತ್ಕಳ್ರಪ್ಪೋ, ಕೂತ್ಕಳಿ. ನಮ್ ಸಾ ಅಣಕಿಸ್ತಿಲ್ಲ, ನನ್ನಾಣೆ" ಎಂದ. ಯೋಗಾನರಸಿಂಹನ ಕಣ್ಣಲ್ಲಿ ನೀರೇ ಬಂತು. "ಅವ್ರು ಅಣಕಿಸಿದ್ರೆ ಇದ್ಕಿಂತ ಬಾಳ ಚೆಂದಾಗಿ ಮಾಡ್ತರೆ. ಇದು ಯಾವ ಸೀಮೆ ಅಣಕ? ನನ್ನನ್ನ ಮಾಡಿದ್ದು ನೋಡ್ಬೇಕಿತ್ತು ನೀವು. ನಡಿಗೆ, ಮೂಗು, ಒಟ್ಟೆ ಅಸಿಯಾದು, ಎಲ್ಲ ಮಾಡಿದ್ರಂತೆ. ಮಾತು ಮಾತ್ರ ಬಾಗ್ಲಾಚೆ ನಿಂತು ಕೇಳಿವ್ನಿ. ನಾನೇ ಒಳಗವ್ನೇನೋ ಅನ್ನುಸ್ಬುಡ್ತು."

ಮೊದಲು ಒಬ್ಬ ನಕ್ಕ, ಆಮೇಲೆ ಸಾಲು ಸಾಲಾಗಿ ನಕ್ಕರು, ಎದ್ದವರು ಕೂತರು. ಮುದುಕರು ಕಂಬಳಿ ಸರಿಮಾಡಿಕೊಂಡು ಮತ್ತೆ ಕೂತರು. ದೇವಯ್ಯನವರೂ ನಕ್ಕರು. ಚಲುವಯ್ಯ ಮೈಕನ್ನು ಕಂಬದಿಂದ ಬಿಚ್ಚಿ ಯೋಗಾನರಸಿಂಹನ ಕೈಯಲ್ಲಿಟ್ಟ. "ಮಾಡಿ ಸಾ, ಒಂದ್ಸಲ ಮಾಡ್ತೋರ್ಸಿ. ನಾನೂ ಇಲ್ಲೇ ನಿಂತಿರ್ತೀನಿ. ಅವತ್ತು ಬರೀ ಕೇಳಿಸ್ತು, ನೋಡಾಕಾಗ್ಲಿಲ್ಲ" ಎಂದ.

"ಮಾಡಿ ಸಾಮಿ, ಮಾಡಿ!" ಎಂದು ಹಾಲೆಲ್ಲ ಚಪ್ಪಾಳೆ ತಟ್ಟಿತು. ಯೋಗಾನರಸಿಂಹ ಮೈಕು ಹಿಡಿದುಕೊಂಡು ನಿಂತಿದ್ದ. ಚಲುವಯ್ಯ ಎದುರಿಗೆ ಕೈಕಟ್ಟಿ ನಿಂತು, ನಿಜವಾಗಿಯೂ ನೋಡುವ ಆಸೆಯಿಂದ, ಅವನ ಬಾಯನ್ನೇ ನೋಡುತ್ತಿದ್ದ.